ಗೃಹಮಂಗಲವೂ ಮನೆಯಾಳುಗಳೂ

ಮನೆಯಲ್ಲಿ ಮದುವೆಯಾದರೆ, ಮಗು ಹುಟ್ಟಿದರೆ, ರೋಗ ಬಂದರೆ, ಪ್ರಯಾಣ ಹೊರಟರೆ ಜನರು ನಾನಾ ಮಂಗಲಕರ್ಮಗಳನ್ನು ಆಚರಿಸುವರು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕನು ಗಿರ್ನಾರಿನ ಬಂಡೆಯ ಮೇಲೆ ಕೆತ್ತಿಸಿದ 9ನೆಯ ಶಾಸನದಲ್ಲಿ ಈ ರೂಢಿಯನ್ನೇ ಎತ್ತಿಕೊಂಡು, ಇವುಗಳ ಫಲವು ಅಲ್ಪವೆಂದೂ ಧರ್ಮಮಂಗಲದ ಫಲವೇ ಮಹತ್ತಾದುದೆಂದೂ ಹೇಳಿರುವನು. ಆ ಧರ್ಮಮಂಗಲದ ಅಂಗಗಳಲ್ಲಿ ಗುರುಗಳ ಗೌರವಕ್ಕೂ ದಾನಕ್ಕೂ ಮೊದಲು, ದಾಸರಲ್ಲಿಯೂ ಕೂಲಿಯಾಳುಗಳಲ್ಲಿಯೂ ಸರಿಯಾಗಿ ನಡೆದುಕೊಳ್ಳುವುದನ್ನು ಎಣಿಸಿರುವನು.

ಈ ಶಾಸನವು ದಾಸ್ಯವನ್ನು ತೊಡೆದುಹಾಕಲಿಲ್ಲ. ಅದನ್ನು ಇದ್ದಂತೆಯೇ ಒಪ್ಪಿಕೊಂಡಿದೆ. ಆದರೂ ಇದರ ವಿಶೇಷವು ಬೇರೆಯಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಆಳಿಗೆ ವೇತನ ಕೊಡದ ಯಜಮಾನನಿಗೆ ಆ ವೇತನದ ಹತ್ತನೆಯ ಒಂದಂಶವನ್ನು ಅಥವಾ 6 ಪಣಗಳನ್ನು ದಂಡವಾಗಿ ವಿಧಿಸಿತು. ಕರ್ನಾಟಕ ಸರ್ಕಾರವು 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಮಾಡಿದುದೂ ಇದೇ ದಾರಿಯದು. ವೇತನವನ್ನು ದಂಡನೀತಿಯು ಕೊಡಿಸಬಲ್ಲುದು, ಗೌರವವನ್ನು ಕೊಡಿಸಲಾರದು. ಅಶೋಕನಾದರೋ ಇಲ್ಲಿ ದಂಡದ ಮಾತನ್ನೇ ಎತ್ತದೆ, ತಂದೆ, ಮಗ, ಸೋದರ, ಒಡೆಯ ಇವರೇ ಈ ಧರ್ಮವನ್ನು ತಿಳಿಯಹೇಳಬೇಕೆಂದನು. ಬಾಗಿಲಿಗೆ ತೋರಣ ಕಟ್ಟಿ, ಹಿತ್ತಿಲಲ್ಲಿ ಪಾತ್ರೆ ಬೆಳಗುವವಳನ್ನು ಗದರಿಸುವ ಮನೆಯಲ್ಲಿ, ಆ ಶಾಸನದ ಲೆಕ್ಕಕ್ಕೆ, ಮಂಗಲಕಾರ್ಯವು ಇನ್ನೂ ನಡೆದಿಲ್ಲ.