ನಾಲ್ಕು ಪದರದ ಬಟ್ಟೆ ಮತ್ತು ಒಂದು ನಗರದ ಜಗಳ

1918ರ ಅಕ್ಟೋಬರ್ 28. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಪೇಟೆಬೀದಿಯಲ್ಲಿ ಕುದುರೆಗೆ ಲಾಳ ಕಟ್ಟುವ ಒಬ್ಬಾತ ನಿಂತು ಜನರನ್ನು ಕೂಗಿ ಕರೆಯುತ್ತಿದ್ದ. ಮುಖಕ್ಕೆ ಕಟ್ಟಿಕೊಂಡ ಬಟ್ಟೆಯನ್ನು ಕಿತ್ತೆಸೆಯಿರಿ ಎಂಬುದು ಅವನ ಉಪದೇಶ. ಅದೇ ದಾರಿಯಲ್ಲಿ ಬಂದ ಆರೋಗ್ಯ ಇಲಾಖೆಯ ವಿಶೇಷ ಅಧಿಕಾರಿಯೊಬ್ಬ ಅವನನ್ನು ಹತ್ತಿರದ ಔಷಧಿ ಅಂಗಡಿಗೆ ಕರೆದೊಯ್ದು ಮಾಸ್ಕ್ ಕೊಡಿಸಲು ಹೋದ. ಮಾತಿಗೆ ಮಾತು ಬೆಳೆಯಿತು. ಲಾಳದವನು ಬೆಳ್ಳಿ ಡಾಲರುಗಳಿದ್ದ ಚೀಲದಿಂದ ಅಧಿಕಾರಿಗೆ ಬಾರಿಸಿದ; ಅಧಿಕಾರಿ ಪಿಸ್ತೂಲಿನಿಂದ ಗುಂಡು ಹಾರಿಸಿದ. ಲಾಳದವನಿಗೂ, ಪಾಪ, ಸುಮ್ಮನೆ ನೋಡುತ್ತ ನಿಂತಿದ್ದ ಇಬ್ಬರಿಗೂ ಗಾಯಗಳಾದವು. ಕೊನೆಗೆ ಇಬ್ಬರ ಮೇಲೂ ಮೊಕದ್ದಮೆ ಬಿತ್ತು.

ಅಂಗೈಯಗಲದ ಬಟ್ಟೆಯ ತುಂಡಿಗೆ ಇಷ್ಟೆಲ್ಲ ರಾದ್ಧಾಂತ ಏಕೆ? 2020ಕ್ಕೆ ಮೊದಲು ಈ ಪ್ರಶ್ನೆ ಕೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಈಗ ಹಾಗಿಲ್ಲ. ಗದ್ದಕ್ಕೆ ಮಾಸ್ಕ್ ಏರಿಸಿಕೊಂಡು ಬಸ್ಸಿನಲ್ಲಿ ಜೋರಾಗಿ ಕೆಮ್ಮುವವರನ್ನು ನೋಡಿ ಮುಖ ಸಿಂಡರಿಸಿದವರಲ್ಲಿ ಈ ಲೇಖಕನೂ ಒಬ್ಬ. ಯಾರೂ ಇಲ್ಲದ ಕೆರೆಯ ಏರಿಯ ಮೇಲೆ ನಡೆಯುವಾಗ ಅದನ್ನು ಕಳಚಿ ಜೇಬಿಗೆ ತುರುಕಿ, ಎದುರಿಗೆ ಪೊಲೀಸ್ ಕಂಡೊಡನೆ ಹುಡುಕಾಡಿದವರಲ್ಲೂ ಒಬ್ಬ.

ಮುಖಗವಸಿನ ಕಥೆ ಶುರುವಾಗುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಮಾತನಾಡುವಾಗ, ಕೆಮ್ಮುವಾಗ ಬಾಯಿಂದ ಸಿಡಿಯುವ ಸಣ್ಣ ಹನಿಗಳಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ ಎಂಬುದನ್ನು 1897ರಲ್ಲಿ ಬ್ರೆಸ್ಲೌ ನಗರದ ಕಾರ್ಲ್ ಫ್ಲ್ಯೂಗೆ ತೋರಿಸಿದರು. ಅದೇ ಊರಿನ ಶಸ್ತ್ರವೈದ್ಯ ಯಾನ್ ಮಿಕುಲಿಚ್ ಒಂದು ಪದರ ಗಾಜ್ ಬಟ್ಟೆಯನ್ನು ಬಾಯಿಗೆ ಅಡ್ಡ ಕಟ್ಟಿಕೊಂಡು ಚಿಕಿತ್ಸೆಗೆ ನಿಂತರು. ಗಮನಿಸಿ: ಈ ಬಟ್ಟೆ ವೈದ್ಯನ ರಕ್ಷಣೆಗೆ ಬಂದದ್ದಲ್ಲ. ಮೇಜಿನ ಮೇಲೆ ಮಲಗಿದ ರೋಗಿಯ ತೆರೆದ ಗಾಯಕ್ಕೆ ವೈದ್ಯನ ಎಂಜಲು ಸಿಡಿಯದಿರಲಿ ಎಂದು ಬಂದದ್ದು.

ಬಟ್ಟೆಯ ಉದ್ದೇಶ ತಿರುಗುಮುರುಗಾದದ್ದು ಮಂಚೂರಿಯದಲ್ಲಿ. 1910ರ ಚಳಿಗಾಲದಲ್ಲಿ ಅಲ್ಲಿನ ಹಾರ್ಬಿನ್ ಪಟ್ಟಣದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಚೀನಾ ಸರ್ಕಾರ ಕಳಿಸಿದ ವೈದ್ಯ ವು ಲಿಯೆನ್‌ ತೆ ಆಗ 31 ವರ್ಷದವರು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದವರು. ಪ್ಲೇಗ್ ಎಂದರೆ ಇಲಿ ಮತ್ತು ಇಲಿಯ ಚಿಗಟ ಎಂಬುದು ಆ ಹೊತ್ತಿಗೆ ನಿಶ್ಚಯವಾಗಿತ್ತು. ಆ ನಿಶ್ಚಯಕ್ಕೆ ಮುಖ್ಯ ಆಧಾರ ಭಾರತದಲ್ಲಿ ನಡೆದ ಕೆಲಸವೇ. 1896ರಲ್ಲಿ ಮುಂಬಯಿಗೆ ಬಂದು 1898ರಲ್ಲಿ ನಮ್ಮ ಬೆಂಗಳೂರನ್ನೂ ಹೊಕ್ಕ ಗೆಡ್ಡೆ ಪ್ಲೇಗು ಅದು. ಆದರೆ ಹಾರ್ಬಿನ್‌ನಲ್ಲಿ ರೋಗಿಗಳಿಗೆ ಗೆಡ್ಡೆ ಏಳುತ್ತಿರಲಿಲ್ಲ. ರಕ್ತ ಕೆಮ್ಮಿ ಸಾಯುತ್ತಿದ್ದರು. ಇದು ಶ್ವಾಸಕೋಶದ ಪ್ಲೇಗ್, ಉಸಿರಿನಿಂದ ಉಸಿರಿಗೆ ಹರಡುತ್ತದೆ, ಎಲ್ಲರೂ ಗಾಜ್ ಮತ್ತು ಹತ್ತಿಯ ಪಟ್ಟಿಯನ್ನು ಮೂಗು ಬಾಯಿಗೆ ಕಟ್ಟಿಕೊಳ್ಳಬೇಕು ಎಂದರು ವು.

ಅನುಭವಿ ಫ್ರೆಂಚ್ ವೈದ್ಯ ಜೆರಾಲ್ಡ್ ಮೆನಿ ಇದನ್ನು ಒಪ್ಪಲಿಲ್ಲ. ಕಿರಿಯ ಚೀನೀಯನೊಬ್ಬ ತನಗೆ ಪಾಠ ಹೇಳುವುದೇ ಎಂದು ಸಿಡಿದರು. ಬಿಳಿ ನಿಲುವಂಗಿ, ಟೊಪ್ಪಿ, ರಬ್ಬರ್ ಕೈಗವಸು ಎಲ್ಲವನ್ನೂ ತೊಟ್ಟು, ಮುಖಕ್ಕೆ ಮಾತ್ರ ಏನೂ ಇಲ್ಲದೆ ರೋಗಿಗಳನ್ನು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ, 1911ರ ಜನವರಿಯಲ್ಲಿ, ಅದೇ ರೋಗದಿಂದ ತೀರಿಕೊಂಡರು. ಆಮೇಲೆ ಹಾರ್ಬಿನ್‌ನಲ್ಲಿ ಮಾಸ್ಕಿನ ಬಗ್ಗೆ ವಾದ ನಡೆಯಲಿಲ್ಲ. ಆ ಪಿಡುಗು ಸುಮಾರು 60 ಸಾವಿರ ಜನರನ್ನು ಕೊಂದು ವಸಂತದ ಹೊತ್ತಿಗೆ ಅಡಗಿತು.

ಏಳು ವರ್ಷಗಳ ಬಳಿಕ ಜಗತ್ತನ್ನೇ ಆವರಿಸಿದ ಇನ್‌ಫ್ಲುಯೆಂಜಾ ಬಂದಾಗ ಸ್ಯಾನ್ ಫ್ರಾನ್ಸಿಸ್ಕೊದ ಆರೋಗ್ಯಾಧಿಕಾರಿ ಡಾ. ವಿಲಿಯಂ ಹ್ಯಾಸ್ಲರ್ ನಂಬಿದ್ದು ಇದೇ ಬಟ್ಟೆಯನ್ನು. 1918ರ ಅಕ್ಟೋಬರ್ ಕೊನೆಯ ವಾರದಲ್ಲಿ ನಗರಸಭೆ ಸರ್ವಾನುಮತದಿಂದ ಕಾನೂನು ಮಾಡಿತು: ಸಾರ್ವಜನಿಕ ಸ್ಥಳದಲ್ಲಿ, ಊಟದ ಹೊತ್ತು ಬಿಟ್ಟು, ಎಲ್ಲರೂ ನಾಲ್ಕು ಪದರದ ತೆಳುಬಟ್ಟೆಯನ್ನು ಮೂಗು ಬಾಯಿಗೆ ಕಟ್ಟಿರಬೇಕು. ರೆಡ್‌ಕ್ರಾಸ್‌ನವರು ಹತ್ತು ಸೆಂಟಿಗೆ ಒಂದರಂತೆ ಮಾರಿದರು. ಅಕ್ಟೋಬರ್ 26ರ ಹೊತ್ತಿಗೆ ಸುಮಾರು ಒಂದು ಲಕ್ಷ ಮಾಸ್ಕ್ ಹಂಚಿಕೆಯಾಗಿತ್ತು. ಮರುದಿನ ಒಂದೇ ದಿನ ಪೊಲೀಸರು 110 ಜನರನ್ನು ಹಿಡಿದರು. ಬಹುತೇಕರಿಗೆ ಐದು ಡಾಲರ್ ದಂಡ.

ಇಲ್ಲಿ ಸ್ವಲ್ಪ ನಿಂತು ಆ ನಗರ ತನ್ನ ಜನರೊಡನೆ ಮಾತಾಡಿದ ರೀತಿಯನ್ನು ನೋಡಬೇಕು. ಜಗಳದ ಬೇರು ಅಲ್ಲಿದೆ ಎಂದು ನನಗನಿಸುತ್ತದೆ. ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಬಂತು. ಅದಕ್ಕೆ ಮೇಯರ್, ಆರೋಗ್ಯ ಮಂಡಳಿ, ರೆಡ್‌ಕ್ರಾಸ್ ಎಲ್ಲರ ಮುದ್ರೆ. ಮಾಸ್ಕ್ ಧರಿಸಿ ನಿಮ್ಮ ಜೀವ ಉಳಿಸಿಕೊಳ್ಳಿ, ಗಾಜ್ ಮಾಸ್ಕ್ ಇನ್‌ಫ್ಲುಯೆಂಜಾ ವಿರುದ್ಧ ಶೇಕಡ 99ರಷ್ಟು ರಕ್ಷಣೆ ಕೊಡುತ್ತದೆ ಎಂಬುದು ಅದರ ಸಾರ. ಈ 99 ಎಲ್ಲಿಂದ ಬಂತು? ಯಾವ ಪ್ರಯೋಗದಿಂದಲೂ ಬಂದದ್ದಲ್ಲ. ಆಗ ರೋಗಕಾರಕ ಯಾವುದೆಂದೇ ತಿಳಿದಿರಲಿಲ್ಲ. 1892ರಲ್ಲಿ ಫೈಫರ್ ಹೆಸರಿಸಿದ ಬ್ಯಾಕ್ಟೀರಿಯವೇ ಕಾರಣ ಎಂದು ಹೆಚ್ಚಿನವರು ನಂಬಿದ್ದರು. ಮನುಷ್ಯರಲ್ಲಿ ಇನ್‌ಫ್ಲುಯೆಂಜಾ ತರುವ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು ಪ್ರತ್ಯೇಕಿಸಿದ್ದು 1933ರಲ್ಲಿ.

ಜಾಹೀರಾತು ನಿನ್ನ ಜೀವ ಎಂದಿತು. ಅದರ ಜೊತೆಗೇ ಮಾಸ್ಕ್ ಹಾಕದವರನ್ನು ಅಪಾಯಕಾರಿ ಸ್ಲ್ಯಾಕರ್ ಎಂದೂ ರೆಡ್‌ಕ್ರಾಸ್ ಜರೆಯಿತು. ಯುದ್ಧಕ್ಕೆ ಹೋಗದೆ ತಪ್ಪಿಸಿಕೊಂಡ ಕರ್ತವ್ಯಗಳ್ಳನಿಗೆ ಆ ಕಾಲದಲ್ಲಿದ್ದ ಬೈಗುಳ ಅದು. ಅಂದರೆ ಒಂದು ಕಡೆ ಸ್ವಂತ ಲಾಭದ ಆಸೆ, ಇನ್ನೊಂದು ಕಡೆ ದೇಶದ್ರೋಹದ ಬೆದರಿಕೆ. ನಿಮ್ಮ ಪಕ್ಕದಲ್ಲಿ ಕೂತ ಮುದುಕಿಗೆ ತೊಂದರೆಯಾಗದಿರಲಿ ಎಂಬ ಸರಳ ಮಾತು, ಮಿಕುಲಿಚ್ ಬಟ್ಟೆ ಕಟ್ಟಿದ ಮೂಲ ಕಾರಣ, ಈ ಗದ್ದಲದಲ್ಲಿ ಹಿಂದೆ ಸರಿಯಿತು. ಸ್ವಂತ ಜೀವದ ವಿಷಯವಾದರೆ ಮನುಷ್ಯ ಸಹಜವಾಗಿ ಕೇಳುತ್ತಾನೆ: ನನ್ನ ಜೀವ, ನನ್ನಿಷ್ಟ, ನಿಮಗೇನು?

ಜನ ಏನು ಮಾಡಿದರು? ಹೆಚ್ಚಿನವರು ಕಟ್ಟಿಕೊಂಡರು. ಕೆಲವರು ಚುಟ್ಟಾ ಸೇದಲು ಬಟ್ಟೆಗೆ ತೂತು ಕೊರೆದರು. ನವೆಂಬರ್ 11ರಂದು ಯುದ್ಧ ನಿಂತ ಸುದ್ದಿ ಬಂದಾಗ ಮಾಸ್ಕ್ ತೊಟ್ಟ ಜನಸಾಗರ ಬೀದಿಯಲ್ಲಿ ಕುಣಿಯಿತು. ಆದರೆ ಅದೇ ತಿಂಗಳು ಒಂದು ಮುಷ್ಟಿಯುದ್ಧದ ಪಂದ್ಯದಲ್ಲಿ ತೆಗೆದ ಛಾಯಾಚಿತ್ರ ಹೊರಬಂತು. ಪ್ರೇಕ್ಷಕರ ಸಾಲಿನಲ್ಲಿ ಮೇಯರ್ ಜೇಮ್ಸ್ ರೋಲ್ಫ್ ಮತ್ತು ಸಾಕ್ಷಾತ್ ಡಾ. ಹ್ಯಾಸ್ಲರ್, ಇಬ್ಬರ ಮುಖವೂ ಬರಿದು! ಆರೋಗ್ಯಾಧಿಕಾರಿ ಐದು ಡಾಲರ್, ಮೇಯರ್ ಐವತ್ತು ಡಾಲರ್ ದಂಡ ತೆತ್ತರು. ತೆತ್ತದ್ದು ಒಳ್ಳೆಯದೇ, ಆದರೆ ಆ ಚಿತ್ರ ಜನರ ಮನಸ್ಸಿನಿಂದ ಅಳಿಯುವಂತಿರಲಿಲ್ಲ.

ನವೆಂಬರ್ 21ರ ಮಧ್ಯಾಹ್ನ ಹನ್ನೆರಡಕ್ಕೆ ಸೀಟಿ ಕೂಗಿತು. ರೋಗ ಇಳಿದಿತ್ತು, ಕಾನೂನು ಮುಗಿದಿತ್ತು. ಜನ ಮಾಸ್ಕುಗಳನ್ನು ಕಿತ್ತು ಗಾಳಿಗೆ ತೂರಿದರು. ಕಾಲುದಾರಿಗಳ ಮೇಲೆಲ್ಲ ಬಿಳಿಬಟ್ಟೆ.

ಡಿಸೆಂಬರಿನಲ್ಲಿ ರೋಗ ಮತ್ತೆ ತಲೆಯೆತ್ತಿತು. ಹ್ಯಾಸ್ಲರ್ ಪುನಃ ಕಡ್ಡಾಯ ಮಾಡಿ ಎಂದರು. ಕ್ರಿಸ್‌ಮಸ್ ವ್ಯಾಪಾರ ಕೆಡುತ್ತದೆಂದು ವರ್ತಕರು ಗೊಣಗಿದರು. ನಗರಸಭೆ ಮೊದಲು ಒಪ್ಪಲಿಲ್ಲ. ಸಾವುಗಳು ಏರಿದ ಮೇಲೆ 1919ರ ಜನವರಿ 17ರಂದು ಕಾನೂನು ಮರಳಿ ಜಾರಿಗೆ ಬಂತು. ಈ ಸಲ ಜನ ಬೇರೆಯಾಗಿದ್ದರು. ಜನವರಿ 25ರಂದು ಡ್ರೀಮ್‌ಲ್ಯಾಂಡ್ ರಿಂಕ್ ಎಂಬ ಸಭಾಂಗಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. ಅದು ಮಾಸ್ಕ್ ವಿರೋಧಿ ಲೀಗ್‌ನ ಸಭೆ.

ಲೀಗಿನ ಅಧ್ಯಕ್ಷೆ ಇ. ಸಿ. ಹ್ಯಾರಿಂಗ್ಟನ್. ಈಕೆ ವಕೀಲೆ, ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದವರು. ಕ್ಯಾಲಿಫೋರ್ನಿಯದ ಮಹಿಳೆಯರಿಗೆ ಆ ಹಕ್ಕು ಸಿಕ್ಕಿ ಆಗ ಏಳೆಂಟು ವರ್ಷವಷ್ಟೆ. ಮೇಯರ್ ರೋಲ್ಫ್ ಅವರ ರಾಜಕೀಯ ವಿರೋಧಿಯೂ ಹೌದು ಎಂಬುದನ್ನು ಮರೆಯಬಾರದು. ಸಭೆಯಲ್ಲಿದ್ದವರೆಲ್ಲ ಮೂರ್ಖರಲ್ಲ. ಕೆಲವು ವೈದ್ಯರಿದ್ದರು, ನಾಗರಿಕ ಹಕ್ಕುಗಳ ಪ್ರತಿಪಾದಕರಿದ್ದರು. ಪ್ರಯೋಜನ ಸಾಬೀತಾಗದ ವಸ್ತುವನ್ನು ಒತ್ತಾಯದಿಂದ ಮುಖಕ್ಕೆ ಕಟ್ಟಿಸಲು ಸಂವಿಧಾನ ಅನುಮತಿ ಕೊಟ್ಟಿದೆಯೇ ಎಂಬುದು ಅವರ ಪ್ರಶ್ನೆ. ಮನವಿಪತ್ರ ಸಾಕು ಎಂದವರಿಗೂ ಹ್ಯಾಸ್ಲರ್‌ರನ್ನು ಕಿತ್ತುಹಾಕಬೇಕು ಎಂದವರಿಗೂ ಅಲ್ಲೇ ಜಟಾಪಟಿಯಾಯಿತು. ಫೆಬ್ರವರಿ 1ರಂದು ಕಾನೂನನ್ನು ಹಿಂತೆಗೆದುಕೊಳ್ಳಲಾಯಿತು. ಲೀಗ್ ಗೆದ್ದಿತೆನ್ನುವುದು ಕಷ್ಟ. ಆ ಹೊತ್ತಿಗೆ ರೋಗವೂ ಇಳಿಮುಖವಾಗಿತ್ತು. ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಜನರನ್ನು ನಗರ ಕಳೆದುಕೊಂಡಿತ್ತು.

ಕಾನೂನಿನ ಪ್ರಶ್ನೆಗೆ ಉತ್ತರ ಅದಾಗಲೇ ಇತ್ತು. ಮೆಸಾಚೂಸೆಟ್ಸ್ ರಾಜ್ಯದಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಳ್ಳಲು ನಿರಾಕರಿಸಿದ ಜೇಕಬ್ಸನ್ ಎಂಬಾತನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1905ರಲ್ಲಿ ತೀರ್ಪು ಕೊಟ್ಟಿತ್ತು. ಇತರರಿಗೆ ಆಗುವ ಹಾನಿಯನ್ನು ಲೆಕ್ಕಿಸದೆ ತನ್ನಿಷ್ಟದಂತೆ ನಡೆಯುವುದು ಸ್ವಾತಂತ್ರ್ಯವಾಗದು. ಆದರೆ ಸರ್ಕಾರದ ಕ್ರಮವೂ ವಿವೇಚನೆಯ ಮಿತಿಯಲ್ಲಿರಬೇಕು ಎಂಬುದು ಅದರ ತಿರುಳು. (ಅವನಿಗೆ ಬಿದ್ದ ದಂಡವೂ ಐದು ಡಾಲರೇ!) ಹಾಗಾದರೆ ಉಳಿಯುವುದು ವಿಜ್ಞಾನದ ಪ್ರಶ್ನೆ: ಆ ನಾಲ್ಕು ಪದರದ ಬಟ್ಟೆ ಇತರರಿಗೆ ಆಗುವ ಹಾನಿಯನ್ನು ನಿಜಕ್ಕೂ ತಡೆಯುತ್ತಿತ್ತೆ?

ಇದನ್ನು ಪ್ರಾಮಾಣಿಕವಾಗಿ ಕೇಳಿದವರು ಕ್ಯಾಲಿಫೋರ್ನಿಯ ರಾಜ್ಯ ಆರೋಗ್ಯ ಮಂಡಳಿಯ ಕಾರ್ಯದರ್ಶಿ ಡಾ. ಕೆಲಾಗ್. ಮಾಸ್ಕ್ ಕಡ್ಡಾಯವಿದ್ದ ಸ್ಟಾಕ್‌ಟನ್ ಊರಿನ ಸಾವಿನ ರೇಖೆಯನ್ನು ಮಾಸ್ಕ್ ಇಲ್ಲದ ಬಾಸ್ಟನ್ನಿನ ರೇಖೆಯ ಪಕ್ಕದಲ್ಲಿಟ್ಟರು. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಏರಿ ಇಳಿದಿದ್ದವು. 1920ರಲ್ಲಿ ಸಹೋದ್ಯೋಗಿಯೊಡನೆ ನಡೆಸಿದ ಪ್ರಯೋಗಗಳಲ್ಲಿ, ಬ್ಯಾಕ್ಟೀರಿಯಾಗಳಿದ್ದ ತುಂತುರನ್ನು ಸರಿಯಾಗಿ ತಡೆಯುವಷ್ಟು ಪದರ ಹೆಚ್ಚಿಸಿದರೆ ಉಸಿರಾಟವೇ ಕಷ್ಟವಾಗುತ್ತದೆ, ಆಗ ಗಾಳಿ ಬಟ್ಟೆಯ ಬದಿಯಿಂದ ನುಸುಳುತ್ತದೆ ಎಂದು ಕಂಡುಬಂತು. ಮಾಸ್ಕಿನ ಪರವಾಗಿದ್ದ ಇಲಾಖೆಯ ಒಳಗಿಂದಲೇ ಬಂದ ವರದಿ ಇದು. ಹ್ಯಾಸ್ಲರ್‌ರ 99ಕ್ಕಿಂತ ಕೆಲಾಗ್‌ರ ಈ ತಪ್ಪೊಪ್ಪಿಗೆಗೆ ನನ್ನ ಗೌರವ ಹೆಚ್ಚು.

ಜಪಾನಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಅದೇ ಇನ್‌ಫ್ಲುಯೆಂಜಾ ಕಾಲದಲ್ಲಿ ಅಲ್ಲಿನ ಗೃಹ ಇಲಾಖೆ ಭಿತ್ತಿಚಿತ್ರಗಳ ಮೂಲಕ ಮಾಸ್ಕಿನ ಪ್ರಚಾರ ಮಾಡಿತು. ಮುಂದೆ ಕಾನೂನಿನ ಒತ್ತಾಯವಿಲ್ಲದೆಯೇ ಅದು ಚಳಿಗಾಲದ ರೂಢಿಯಾಗಿ ಬೇರೂರಿತು. ನೆಗಡಿಯಾದವನು ಮಾಸ್ಕ್ ಹಾಕಿಕೊಂಡು ರೈಲು ಹತ್ತುವುದು ಅಲ್ಲಿ ಸೌಜನ್ಯ. ಯುದ್ಧಾನಂತರ ನೆಟ್ಟ ದೇವದಾರು ಜಾತಿಯ ಮರಗಳ ಪರಾಗ ತರುವ ಅಲರ್ಜಿಯೂ ರೂಢಿಗೆ ಬಲ ಕೊಟ್ಟಿತೆನ್ನಿ. 2020ರಲ್ಲೂ ಜಪಾನ್ ದಂಡ ಹಾಕಲಿಲ್ಲ, ಕೇಳಿಕೊಂಡಿತು. 2023ರ ಮಾರ್ಚ್ 13ರಂದು ಇನ್ನು ನಿಮ್ಮ ನಿಮ್ಮ ವಿವೇಚನೆ ಎಂದಿತು. ಹಾಗೆಂದು ಸೌಜನ್ಯದಲ್ಲಿ ಒತ್ತಾಯವೇ ಇಲ್ಲವೆನ್ನಲಾಗದು. ಎಲ್ಲರೂ ನೋಡುವ ಕಣ್ಣಿನಲ್ಲೂ ಒಂದು ದಂಡವಿದೆ.

ನಮಗೂ ಬಾಯಿ ಮುಚ್ಚುವ ಮರ್ಯಾದೆ ಹೊಸತಲ್ಲ. ಹಿರಿಯರೆದುರು ಅಂಗೈ ಅಡ್ಡ ಹಿಡಿದು ಮಾತಾಡುವುದನ್ನು ಕಂಡ ತಲೆಮಾರು ಇನ್ನೂ ಇದೆ. ಸ್ಥಾನಕವಾಸಿ ಜೈನ ಮುನಿಗಳು ಗಾಳಿಯ ಸೂಕ್ಷ್ಮಜೀವಿಗಳಿಗೆ ತಮ್ಮ ಉಸಿರಿನಿಂದ ಹಿಂಸೆಯಾಗದಿರಲಿ ಎಂದು ಮುಖಪಟ್ಟಿ ಕಟ್ಟುತ್ತಾರೆ. ಇತರರ ಸಲುವಾಗಿ ಎಂಬ ಭಾವ ಇದಕ್ಕಿಂತ ಮುಂದೆ ಹೋಗಲಾರದು. ಆದರೂ 2020ರಲ್ಲಿ ನಾವು ಮೊದಲು ಹಿಡಿದದ್ದು ದಂಡದ ರಸೀದಿ ಪುಸ್ತಕವನ್ನೇ. ಕರ್ನಾಟಕದಲ್ಲಿ ನಗರ ಪ್ರದೇಶದ ದಂಡವನ್ನು ಸಾವಿರ ರೂಪಾಯಿಗೆ ಏರಿಸಿ, ಜನ ತಿರುಗಿಬಿದ್ದ ಮೇಲೆ ಒಂದೇ ವಾರದಲ್ಲಿ 250ಕ್ಕೆ ಇಳಿಸಬೇಕಾಯಿತು.

ಆ ಹೊತ್ತಿಗೆ ವಿಜ್ಞಾನ ಎಲ್ಲಿಗೆ ತಲುಪಿತ್ತು? ಡೆನ್ಮಾರ್ಕಿನಲ್ಲಿ ಸುಮಾರು 6 ಸಾವಿರ ಜನರ ಮೇಲೆ ನಡೆದ ಪರೀಕ್ಷೆ ಧರಿಸಿದವನಿಗೆ ಏನು ಲಾಭ ಎಂದು ಕೇಳಿತು. ಮಾಸ್ಕ್ ಧರಿಸಲು ಸಲಹೆ ಪಡೆದವರಲ್ಲಿ ಶೇಕಡ 1.8, ಉಳಿದವರಲ್ಲಿ 2.1 ಮಂದಿಗೆ ಸೋಂಕು. ಆಕಸ್ಮಿಕವಲ್ಲ ಎನ್ನುವಷ್ಟು ವ್ಯತ್ಯಾಸವಲ್ಲ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ 2020ರ ನವೆಂಬರಿನಿಂದ ನಡೆದ ಅಧ್ಯಯನ ಬೇರೆ ಪ್ರಶ್ನೆ ಕೇಳಿತು: ಊರಿಗೆ ಊರೇ ಹೆಚ್ಚು ಧರಿಸಿದರೆ ಊರಿಗೆ ಏನಾಗುತ್ತದೆ? ಮೂರು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಈ ಅಧ್ಯಯನದಲ್ಲಿ ರೋಗಲಕ್ಷಣವಿದ್ದು ರಕ್ತಪರೀಕ್ಷೆಯಲ್ಲೂ ಖಚಿತವಾದ ಸೋಂಕು ಶೇಕಡ 9ರಷ್ಟು ತಗ್ಗಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಇಳಿಕೆ ಶೇಕಡ 35ರಷ್ಟು. ಬಟ್ಟೆಯ ಮಾಸ್ಕಿನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಕೆಲಾಗ್ ಇದ್ದಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಲೆಕ್ಕದ ವಿಧಾನದ ಬಗ್ಗೆ ಸಂಖ್ಯಾಶಾಸ್ತ್ರಜ್ಞರ ತಕರಾರುಗಳೂ ಇವೆ.

ಆ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹಳ್ಳಿಗಳಲ್ಲಿ ಮಾಸ್ಕ್ ಧರಿಸುವವರು ಶೇಕಡ 13ರಿಂದ 42ಕ್ಕೆ ಏರಿದ್ದು ಹೇಗೆ? ದಂಡ ಇರಲಿಲ್ಲ. ಕೆಲವು ಹಳ್ಳಿಗಳಿಗೆ ಹಣದ ಬಹುಮಾನ ಒಡ್ಡಿ ನೋಡಿದರು, ಅದರಿಂದ ಹೆಚ್ಚಿನದೇನೂ ಆಗಲಿಲ್ಲ. ಮನೆ ಬಾಗಿಲಿಗೆ ಉಚಿತವಾಗಿ ಮಾಸ್ಕ್ ಕೊಟ್ಟರು. ಊರಿನ ಇಮಾಮರೂ ಮುಖಂಡರೂ ತಾವೇ ಧರಿಸಿ ತೋರಿಸಿದರು. ಸಂತೆಯಲ್ಲಿ, ಮಸೀದಿಯ ಬಳಿ ನಿಂತ ಕಾರ್ಯಕರ್ತರು ಬರಿಮುಖದಲ್ಲಿ ಬಂದವರನ್ನು ತಡೆದು, ಒಂದು ಮಾಸ್ಕ್ ಕೈಗಿತ್ತು, ದಯವಿಟ್ಟು ಹಾಕಿಕೊಳ್ಳಿ ಎಂದು ಕೇಳಿದರು.