ಬೀಳೋ ಬಂಜರೋ: ಗಡಿನಾಡಿನ ಹಳೆಯ ಛಾಯಾಚಿತ್ರಗಳಲ್ಲಿ ಋತುಮಾನದ ಪ್ರಶ್ನೆ

ಹಳೆಯ ಭೂದೃಶ್ಯ ಛಾಯಾಚಿತ್ರಗಳ ಅಡಿಬರಹಗಳಲ್ಲಿ ಸಾಮಾನ್ಯವಾಗಿ ಊರಿನ ಹೆಸರಿರುತ್ತದೆ. ಹಲವು ವೇಳೆ ಛಾಯಾಗ್ರಾಹಕನ ಹೆಸರೂ ಇಸವಿಯೂ ಇರುತ್ತವೆ. ತಿಂಗಳು ಇರುವುದು ವಿರಳ. ಕೋಟೆಯ ಅಥವಾ ದೇವಾಲಯದ ಚಿತ್ರಕ್ಕೆ ಇದು ದೊಡ್ಡ ಕೊರತೆಯಲ್ಲ. ಆದರೆ ಹುಲ್ಲುಗಾವಲು, ಹೊಲ, ಕೆರೆ, ಕಾಡುಗಳ ಚಿತ್ರಗಳಲ್ಲಿ ಅರ್ಧ ಅರ್ಥ ಅಡಗಿರುವುದು ತಿಂಗಳಿನಲ್ಲಿಯೇ. ತಮಿಳುನಾಡಿಗೆ ಸೇರಿದ ಎರಡು ಕನ್ನಡ ನೆಲೆಗಳಾದ ಹೊಸೂರು ಸೀಮೆ ಮತ್ತು ನೀಲಗಿರಿಗಳ ಆರಂಭಕಾಲದ ಛಾಯಾಚಿತ್ರಗಳನ್ನು ಚರಿತ್ರೆಯ ಆಕರಗಳಾಗಿ ಬಳಸುವವರು ಮೊದಲು ಕೇಳಬೇಕಾದ ಪ್ರಶ್ನೆ, ಅವು ಯಾವ ಋತುವಿನವು ಎಂಬುದು.

ಹೊಸೂರಿಗೆ ಸಮೀಪದ ರಾಯಕೋಟೆಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ ಮೊದಲಿಗರಲ್ಲಿ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಪ್ರಮುಖನು. 1854ರಲ್ಲಿ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ್ದ ಈ ಸೇನಾಧಿಕಾರಿ ಬಳಿಕ ಮದರಾಸು ಸರ್ಕಾರದ ಛಾಯಾಗ್ರಾಹಕನಾದನು. 1857ರ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟು ರಾಯಕೋಟೆ, ಸೇಲಂ ಸೀಮೆಗಳನ್ನು ದಾಟಿ ದಕ್ಷಿಣಕ್ಕೆ ಸಾಗಿದ ಅವನ ಪ್ರವಾಸ ಮರುವರ್ಷದ ಏಪ್ರಿಲ್‌ವರೆಗೆ ನಡೆಯಿತು. ರಾಯಕೋಟೆ ಹಾಗೂ ಸೇಲಂ ಜಿಲ್ಲೆಯ ಇತರ ಸ್ಥಳಗಳ ಚಿತ್ರಗಳು 1858ರಲ್ಲಿ ಪ್ರತ್ಯೇಕ ಸಂಪುಟವಾಗಿ ಹೊರಬಂದವು. ಪ್ರವಾಸದ ಈ ತಿಂಗಳುಗಳು ಗಮನಾರ್ಹ. ಹಿಂಗಾರು ಹಿಮ್ಮೆಟ್ಟಿದ ಮೇಲೆ ಆರಂಭವಾಗಿ ಮುಂಗಾರಿಗೆ ಮುನ್ನವೇ ಮುಗಿದ ಪ್ರವಾಸವದು. ಹಾದಿ ಒಣಗಿರುವ, ಆಕಾಶ ತಿಳಿಯಾಗಿರುವ ಆ ಅವಧಿ ಪ್ರವಾಸಿಗೆ ಅನುಕೂಲವಾದುದು. ರಾಗಿಯ ಕೊಯ್ಲು ಮುಗಿದು ಬಯಲುಸೀಮೆಯ ಮಳೆಯಾಶ್ರಿತ ಹೊಲಗಳು ಬರಿದಾಗುವುದೂ ಆಗಲೇ.

ಟ್ರೈಪ್ ಮೇಣ ಸವರಿದ ಕಾಗದದ ನೆಗೆಟಿವ್‌ಗಳನ್ನು ಹೆಚ್ಚಾಗಿ ಬಳಸುತ್ತಿದ್ದನು. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಮೋಡಗಳನ್ನು ಕಳೆದುಕೊಂಡು ಬೋಳಾಗಿ ಮೂಡುತ್ತಿತ್ತು. ಹಸಿರು ಮಾತ್ರ ಕಪ್ಪಾಗಿ ಕಾಣುತ್ತಿತ್ತು. ಈ ದೋಷವನ್ನು ಮರೆಸಲು ಅವನು ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನೂ ಎಲೆಗಳನ್ನೂ ಕೈಯಿಂದಲೇ ಮೂಡಿಸುತ್ತಿದ್ದನು. ಆದ್ದರಿಂದ ಅವನ ಚಿತ್ರದಲ್ಲಿ ಮೋಡ ಕಂಡ ಮಾತ್ರಕ್ಕೆ ಅದನ್ನು ಆ ದಿನದ ಹವಾಮಾನದ ಸಾಕ್ಷಿಯೆಂದು ಪರಿಗಣಿಸಲಾಗದು.

ಬಯಲಿನಲ್ಲಿ ಕಾಣುವ ಈ ಸಮಸ್ಯೆ ನೀಲಗಿರಿಯಲ್ಲಿ ಇನ್ನಷ್ಟು ತೊಡಕಾಗುತ್ತದೆ. ಅಲ್ಲಿ ಒಂದೇ ಜಿಲ್ಲೆಯೊಳಗೆ ಎರಡು ಮಳೆಗಾಲಗಳಿವೆ. ನೈಋತ್ಯ ಮಾರುತವು ಗೂಡಲೂರು, ಕುಂದಾ ಮುಂತಾದ ಪಶ್ಚಿಮದ ಅಂಚಿನಲ್ಲಿ ಜೂನ್‌ನಿಂದ ಭೋರ್ಗರೆಯುತ್ತದೆ. ಪೂರ್ವದ ಕೋತಗಿರಿಯ ಕಡೆಗೆ ಅಕ್ಟೋಬರ್ ನಂತರದ ಈಶಾನ್ಯ ಮಾರುತವೇ ಮುಖ್ಯ. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಇವೆರಡರ ನಡುವಿನ ಗೋಡೆಯಂತಿದೆ. ಡಿಸೆಂಬರ್, ಜನವರಿಗಳಲ್ಲಿ ಬೀಳುವ ಹಿಮಕ್ಕೆ ಹುಲ್ಲು ಸುಟ್ಟಂತೆ ಕಂದುತ್ತದೆ. ಬೇಸಿಗೆಯ ಅಡ್ಡಮಳೆಗೆ ಮತ್ತೆ ಚಿಗುರುತ್ತದೆ. ಒಂದು ಬೆಟ್ಟದ ಒಂದೇ ಮಗ್ಗುಲು ವರ್ಷದೊಳಗೆ ಹಲವು ರೂಪ ತಾಳುತ್ತದೆ.

1869ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಉದಕಮಂಡಲದ ದೃಶ್ಯಗಳನ್ನು ತೆಗೆದಾಗ ಬಳಕೆಯಲ್ಲಿದ್ದುದು 1851ರಲ್ಲಿ ಪ್ರಕಟವಾದ ಆರ್ದ್ರ ಕೊಲೋಡಿಯನ್ ವಿಧಾನ. ಗಾಜಿನ ಫಲಕಕ್ಕೆ ದ್ರವ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕು. ಕತ್ತಲ ಗುಡಾರ, ಸೀಸೆಗಳು, ಶುದ್ಧ ನೀರು, ಹೊರೆಯಾಳುಗಳು ಛಾಯಾಗ್ರಾಹಕನೊಡನೆ ಬೆಟ್ಟ ಹತ್ತಬೇಕು. ಮಂಜು ಮುಸುಕಿದ, ಗಾಳಿಮಳೆ ಎಡೆಬಿಡದ ದಿನಗಳಲ್ಲಿ ಇದು ಬಹುಮಟ್ಟಿಗೆ ಅಸಾಧ್ಯ. ಉದಕಮಂಡಲದಲ್ಲಿಯೇ ನೆಲೆಸಿದ್ದ ಎ.ಟಿ.ಡಬ್ಲ್ಯು. ಪೆನ್ ಅವರಂಥ ವೃತ್ತಿಪರರಿಗೆ ತಿಳಿಯಾದ ದಿನಕ್ಕಾಗಿ ಕಾಯುವ ಸೌಲಭ್ಯವಿತ್ತು, ನಿಜ. ಆದರೆ ಅವರೂ ತಿಳಿಯಾದ ದಿನಕ್ಕಾಗಿಯೇ ಕಾಯಬೇಕಿತ್ತು. ಮಳೆಯು ಆ ಬೆಟ್ಟಗಳನ್ನು ರೂಪಿಸಿತು. ಚಿತ್ರಸಂಗ್ರಹದಲ್ಲಿ ಅದಕ್ಕೆ ಎಡೆ ಸಿಕ್ಕಿದ್ದು ಕಡಿಮೆ.

ಬಣ್ಣದ ವಿಷಯದಲ್ಲಿ ನಷ್ಟ ಇನ್ನೂ ವಿಚಿತ್ರವಾದುದು. ಕೊಲೋಡಿಯನ್ ಫಲಕದಲ್ಲಿ ನೀಲಿಯು ಬಹುಪಾಲು ಬಿಳಿಯಾಗಿ ಮೂಡುತ್ತದೆ. ದೂರದ ಶ್ರೇಣಿಗಳ ನೀಲಿ ಮಸುಕು ಆಕಾಶದಲ್ಲಿ ಕರಗಿಹೋಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಇಳಿಜಾರುಗಳನ್ನು ಆವರಿಸುವ ಕುರಿಂಜಿ ಹೂವು ಆ ಫಲಕದ ಮೇಲೆ ತೆಳುಬೂದಿಯ ಹೊದಿಕೆಯಾಗಿ ಮಾತ್ರ ಉಳಿಯಬಲ್ಲುದು. ಬೆಟ್ಟಕ್ಕೆ ನೀಲಗಿರಿ ಎಂಬ ಹೆಸರನ್ನು ತಂದ ಬಣ್ಣವನ್ನೇ ಅಂದಿನ ಕ್ಯಾಮೆರಾ ಅಳಿಸಿಹಾಕುತ್ತಿತ್ತು. ವರ್ಣಗಳ ಮೂಲಕ ಫಲಕದ ಸಂವೇದನೆಯನ್ನು ಹಸಿರಿನತ್ತ ವಿಸ್ತರಿಸುವ ಮಾರ್ಗವನ್ನು ಹರ್ಮನ್ ವಿಲ್‌ಹೆಲ್ಮ್ ಫೋಗೆಲ್ ಕಂಡುಕೊಂಡದ್ದು 1873ರಲ್ಲಿ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ.

ಇದು ಬರಿಯ ತಂತ್ರಜ್ಞಾನದ ವಿಚಾರವಲ್ಲ. ಕನ್ನಡಕ್ಕೆ ಅತಿ ಹತ್ತಿರದ ನುಡಿಯನ್ನಾಡುವ, ಮೈಸೂರು ಸೀಮೆಯಿಂದ ಬಂದುದರಿಂದ ‘ಬಡಗ’ರೆನಿಸಿಕೊಂಡ ಸಮುದಾಯ ನೀಲಗಿರಿಯ ಮುಖ್ಯ ಬೇಸಾಯಗಾರ ಸಮುದಾಯ. ಅವರ ಹಟ್ಟಿಗಳ ಸುತ್ತಲಿನ ಭೂಮಿಯೆಲ್ಲವೂ ಪ್ರತಿವರ್ಷ ಉಳುಮೆಗೆ ಒಳಪಡುತ್ತಿರಲಿಲ್ಲ. ಒಂದು ಭಾಗವನ್ನು ಉತ್ತು ರಾಗಿ, ಸಾಮೆ ಮೊದಲಾದವನ್ನು ಬೆಳೆದು, ಉಳಿದುದನ್ನು ಸಾರ ಮರಳುವ ತನಕ ವರ್ಷಗಟ್ಟಲೆ ಬೀಳು ಬಿಡುತ್ತಿದ್ದರು. ಬ್ರಿಟಿಷ್ ಕಂದಾಯ ದಾಖಲೆಗಳಲ್ಲಿ ‘ಭುರ್ತಿ’ ಎಂದು ಕರೆಯಲಾದ ಈ ಪದ್ಧತಿಯನ್ನು 1860ರ ದಶಕದಲ್ಲಿ ರದ್ದುಗೊಳಿಸಲಾಯಿತು. ತೋಡರ ಎಮ್ಮೆಗಳೂ ಒಣಗಾಲದಲ್ಲಿ ಮೇವನ್ನರಸಿ ಬೇರೆ ನೆಲೆಗಳಿಗೆ ಹೋಗುತ್ತಿದ್ದವು. ಆಗ ತೆಗೆದ ಚಿತ್ರದಲ್ಲಿ ಮಂದು ನಿರ್ಜನವಾಗಿ ಕಂಡರೆ ಅದು ತೊರೆದ ನೆಲೆಯೆಂದು ಅರ್ಥವಲ್ಲ.

ಕನ್ನಡದಲ್ಲಿ ಬೀಳು ಬೇರೆ, ಬಂಜರು ಬೇರೆ. ಬೀಳಿಗೆ ಒಡೆಯನಿದ್ದಾನೆ, ಅದಕ್ಕೆ ಮುಂದಿನ ಬಿತ್ತನೆಯ ನಿರೀಕ್ಷೆಯಿದೆ, ಬಂಜರಿಗೆ ಅದಿಲ್ಲ. ಒಣಗಾಲದ ಒಂದೇ ಛಾಯಾಚಿತ್ರದಲ್ಲಿ ಇವೆರಡೂ ಒಂದೇ ಬಗೆಯ ಬೂದು ಹುಲ್ಲು. ಹೀಗೆ, ಯಾರೂ ಮುಟ್ಟದ ಖಾಲಿ ಬೆಟ್ಟಗಳೆಂಬ ಕಲ್ಪನೆಗೆ ಕ್ಯಾಮೆರಾ ತಾನರಿಯದೆಯೇ ಆಸರೆಯಾಯಿತು. ಆ ‘ಖಾಲಿ’ ಜಾಗಗಳನ್ನು ತುಂಬಿದ್ದು ವ್ಯಾಟಲ್ ಮತ್ತು ನೀಲಗಿರಿ ಮರಗಳ ತೋಪು, ಚಹಾ ತೋಟಗಳು.

ಇಂದು ಶೋಲಾ ಕಾಡು, ಹುಲ್ಲುಗಾವಲುಗಳ ಪುನರುಜ್ಜೀವನದ ಸಂದರ್ಭದಲ್ಲಿ ಹಳೆಯ ಚಿತ್ರವನ್ನು ‘ಮೂಲ ಸ್ಥಿತಿ’ಯ ಪ್ರಮಾಣವಾಗಿ ಮುಂದಿಡುವಾಗ ಅದೇ ತಪ್ಪು ಮತ್ತೊಂದು ರೂಪದಲ್ಲಿ ಮರಳಬಹುದು: ಅಂದು ಬಂಜರೆನಿಸಿದ ಬೀಳು ಇಂದು ಶುದ್ಧ ನಿಸರ್ಗವೆನಿಸಬಹುದು. ಎರಡರಲ್ಲಿಯೂ ಮರೆಯಾಗುವವನು ಉಳುವವನೇ. ಇದಕ್ಕೆ ಪರಿಹಾರ ಚಿತ್ರವನ್ನು ತಿರಸ್ಕರಿಸುವುದಲ್ಲ, ಅದರ ತಿಂಗಳನ್ನು ಹುಡುಕುವುದು. ನೆರಳಿನ ದಿಕ್ಕು, ಹುಲ್ಲಿನ ಎತ್ತರ, ಹೊಳೆಯ ನೀರು, ಹೊಲದಲ್ಲಿ ಪೈರಿದೆಯೋ ಕೂಳೆಯಿದೆಯೋ ಎಂಬುದು, ಡಿಸೆಂಬರ್-ಜನವರಿಯ ಹೆತ್ತೆ ಹಬ್ಬದಂಥ ಕೂಟದ ಸುಳಿವು — ಇವೆಲ್ಲ ಕಾಲಸೂಚಕಗಳು. ಅದೇ ಜಾಗದಲ್ಲಿ ನಿಂತು ಇಂದು ಮರುಚಿತ್ರಣ ಮಾಡುವವರು ಇಸವಿಗಳ ಅಂತರವನ್ನು ಅಳೆದರಷ್ಟೇ ಸಾಲದು. ವರ್ಷದ ಎಲ್ಲ ಋತುಗಳಲ್ಲಿಯೂ ಅಲ್ಲಿಗೆ ಮರಳಬೇಕು. ಆ ನೆಲದ ಹೆಸರನ್ನೂ ಅದನ್ನು ಕೊನೆಯ ಬಾರಿ ಬಿತ್ತಿದ ಮನೆತನವನ್ನೂ ಹಟ್ಟಿಯ ಹಿರಿಯರಿಂದ ಕೇಳಿ ಬರೆದುಕೊಂಡಾಗ ಮಾತ್ರ ಚಿತ್ರದ ಅಡಿಬರಹ ಪೂರ್ಣವಾಗುತ್ತದೆ.