ಕೀಲೆಣ್ಣೆಗೆ ಋತು ಯಾವುದು?

ಮೋಟಾರು ಇಟ್ಟುಕೊಂಡ ಮನೆಗಳಲ್ಲಿ ಆಗಾಗ ಏಳುವ ಪ್ರಶ್ನೆಯೊಂದುಂಟು: ಇಂಜಿನ್ನಿನ ಎಣ್ಣೆ ಬದಲಿಸಲು ಯಾವ ಕಾಲ ಒಳ್ಳೆಯದು? ಬೇಸಿಗೆಯೆ, ಮಳೆಗಾಲವೆ, ಚಳಿಗಾಲವೆ? ಪ್ರಶ್ನೆ ಹೊಸತೆಂದು ತೋರಬಹುದು. ಆದರೆ ತಿರುಗುವ ಅಚ್ಚಿಗೆ ಜಿಡ್ಡು ಬೇಕೆಂಬ ಅರಿವು ಮೋಟಾರಿಗಿಂತ ಸಾವಿರಾರು ವರ್ಷ ಹಳೆಯದು. ಆ ಹಳೆಯ ಅರಿವಿನೊಳಗೇ ಈ ಪ್ರಶ್ನೆಗೆ ಅರ್ಧ ಉತ್ತರವಿದೆಯೆಂದರೆ ವಾಚಕರು ಆಶ್ಚರ್ಯಪಡಬೇಕಾಗಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮನುಷ್ಯನ ಆಯುಷ್ಯದ ವಿಚಾರ ಬರುವಲ್ಲಿ ಬಂಡಿಯ ಅಚ್ಚನ್ನೇ ಉಪಮಾನವಾಗಿ ತೆಗೆದುಕೊಂಡಿದೆ. ಒಳ್ಳೆಯ ಅಚ್ಚು ಸರಿಯಾಗಿ ನಡೆದರೆ ತನ್ನ ಕಾಲ ತುಂಬಿದಾಗ ಸವೆದು ಮುಗಿಯುತ್ತದೆ. ಹೊರೆ ಮಿತಿಮೀರಿದರೆ, ದಾರಿ ಏರುಪೇರಾದರೆ, ಹೊಡೆಯುವವನು ಅವಿವೇಕಿಯಾದರೆ, ಕಡಾಣಿ ಕಳಚಿದರೆ, ಎಣ್ಣೆ ಹಾಕದಿದ್ದರೆ ನಡುವೆಯೇ ಮುರಿದು ಬೀಳುತ್ತದೆ. ಈ ಪಟ್ಟಿಯಲ್ಲಿ ಹೊರೆಯಿದೆ, ದಾರಿಯಿದೆ, ಎಣ್ಣೆಯಿದೆ. ಋತುವಿನ ಹೆಸರು ಮಾತ್ರ ಇಲ್ಲ. ಇದನ್ನು ನೆನಪಿನಲ್ಲಿಡಿರಿ. ಜೈನಶಾಸ್ತ್ರಗಳಲ್ಲಿ ಮುನಿಯ ಆಹಾರಕ್ರಮಕ್ಕೆ ‘ಅಕ್ಷಮ್ರಕ್ಷಣ’ ಎಂಬ ಹೆಸರೊಂದಿದೆ. ಅಕ್ಷವೆಂದರೆ ಅಚ್ಚು, ಮ್ರಕ್ಷಣವೆಂದರೆ ಜಿಡ್ಡು ಸವರುವುದು. ಬಂಡಿ ಊರು ಮುಟ್ಟಲೆಂದು ವರ್ತಕನು ಅಚ್ಚಿಗೆ ಬೇಕಾದಷ್ಟೇ ಎಣ್ಣೆ ಸವರುವಂತೆ, ದೇಹವೆಂಬ ಬಂಡಿ ನಡೆಯುವಷ್ಟೇ ಮುನಿಯು ಉಣ್ಣಬೇಕೆಂದು ಅದರ ತಾತ್ಪರ್ಯ.

ಇನ್ನು ಗ್ರಂಥ ಬಿಟ್ಟು ನೆಲಕ್ಕೆ ಇಳಿಯೋಣ. ನರಗುಂದವೆಂದೊಡನೆ ೧೮೫೮ರಲ್ಲಿ ಬಾಬಾಸಾಹೇಬನು ಎಬ್ಬಿಸಿದ ಬಂಡಾಯ ನೆನಪಿಗೆ ಬರುವುದು ಸಹಜ. ಬಂಡಾಯದ ಊರಿನಲ್ಲಿ ಬಂಡಿಯ ಮಾತೇಕೆ ಎನ್ನುವಿರೊ? ಅಲ್ಲಿಯ ಗುಡ್ಡವನ್ನೇರಿ ಸುತ್ತ ನೋಡಿದರೆ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಮಳೆ ಬಿದ್ದರೆ ಈ ಮಣ್ಣು ಅಂಟಾಗಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ದಾರಿಯ ಮೇಲೆ ನುಣ್ಣನೆಯ ಹುಡಿಯಾಗಿ ಏಳುತ್ತದೆ. ಆದಕಾರಣ ಇಲ್ಲಿ ಚಕ್ಕಡಿಗಳ ದೂರದ ಸಂಚಾರವೆಲ್ಲ ಮಳೆ ನಿಂತು ನೆಲ ಗಟ್ಟಿಯಾದ ಮೇಲೆಯೇ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ, ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಜಾತ್ರೆಗೆ, ಸುಗ್ಗಿ ಮುಗಿದ ಮೇಲೆ ಪೇಟೆಗೆ. ಅಚ್ಚಿಗೆ ಬೇಕಾದ ಔಡಲೆಣ್ಣೆ ಊರ ಗಾಣದಲ್ಲೇ ಸಿಗುತ್ತಿತ್ತು. ಅದನ್ನು ಹಾಕಲು ಗಾಡಿ ಹೊಡೆಯುವವನು ಪಂಚಾಂಗ ನೋಡುತ್ತಿರಲಿಲ್ಲ. ಹೊರಡುವ ಮುನ್ನ ಗಾಲಿ ಸಡಿಲಿಸಿ ಅಚ್ಚಿನ ಹಳೆಯ ಕರಿ ಜಿಡ್ಡನ್ನು ಅರಿವೆಯಿಂದ ಒರೆಸುವುದು, ಹೊಸದನ್ನು ಸವರುವುದು. ದಾರಿ ದೂರವಾದರೆ ನಡುವೆ ಮತ್ತೊಮ್ಮೆ. ಹಳೆಯ ಜಿಡ್ಡಿನಲ್ಲಿ ಹುಡಿ ಸೇರಿರುತ್ತದೆ, ಅದನ್ನು ತೆಗೆಯದೆ ಹೊಸದನ್ನು ಸುರಿದರೆ ವ್ಯರ್ಥ ಎಂಬ ಸೂಕ್ಷ್ಮ ಅವನಿಗೆ ತಿಳಿದಿತ್ತು.

ಈ ಕೀಲೆಣ್ಣೆಯ ಮೇಲೆ ಎಂತಹ ವ್ಯಾಪಾರ ನಿಂತಿತ್ತೆಂಬುದಕ್ಕೆ ಹತ್ತಿಯ ಕಥೆಯೇ ಸಾಕ್ಷಿ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ, ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ರೈಲು ಇನ್ನೂ ಇರಲಿಲ್ಲ. ಅಂಡಿಗೆಗಳನ್ನು ಹೇರಿದ ಚಕ್ಕಡಿಗಳು ಬಯಲು ದಾಟಿ, ಸಹ್ಯಾದ್ರಿಯ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿದ್ದವು. ಕುಮಟೆಯಲ್ಲಿ ಬೆಳೆಯದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದ ಮೇಲೆ ಆ ದೀರ್ಘಪ್ರಯಾಣ ನಿಂತಿತು. ಅಲ್ಲಿಯವರೆಗೆ ಮಳೆಗೆ ಮುನ್ನ ಬಂದರ ಮುಟ್ಟಬೇಕಾದ ಹತ್ತಿಯ ಭಾಗ್ಯವೆಲ್ಲ ಎರಡು ಗಾಲಿಗಳ ನಡುವಿನ ಅಚ್ಚಿನ ಮೇಲೆ, ಅಚ್ಚಿನ ಭಾಗ್ಯ ಎಣ್ಣೆಯ ಮೇಲೆ!

ನಮ್ಮ ಔಡಲೆಣ್ಣೆಯು ಗಾಡಿಯಿಂದ ಮೋಟಾರಿಗೂ ಏರಿತೆಂಬುದು ಸ್ವಾರಸ್ಯದ ಸಂಗತಿ. ಚಾರ್ಲ್ಸ್ ವೇಕ್‌ಫೀಲ್ಡನು ೧೮೯೯ರಲ್ಲಿ ಲಂಡನ್ನಿನಲ್ಲಿ ಎಣ್ಣೆಯ ವ್ಯಾಪಾರ ತೊಡಗಿ, ೧೯೦೯ರಲ್ಲಿ ಹೊಸ ಮೋಟಾರು ಎಣ್ಣೆಯೊಂದನ್ನು ಹೊರತಂದನು. ಅದರಲ್ಲಿ ಔಡಲೆಣ್ಣೆ ಬೆರೆತಿದ್ದುದರಿಂದ, ಔಡಲಕ್ಕಿರುವ ಇಂಗ್ಲಿಷ್ ಹೆಸರಿನಿಂದಲೇ ‘ಕ್ಯಾಸ್ಟ್ರಾಲ್’ ಎಂದು ಕರೆದನು. ಮೊದಲನೆಯ ಮಹಾಯುದ್ಧದ ಎಷ್ಟೋ ವಿಮಾನಗಳ ಇಂಜಿನ್ನುಗಳು ಔಡಲೆಣ್ಣೆಯಿಂದಲೇ ತಿರುಗಿದವು. ಕಾವೇರಿದರೂ ಅದು ನೀರಾಗುವುದಿಲ್ಲ; ಅದೇ ಅದರ ಗುಣ. ಚಳಿಯಲ್ಲಿ ಗಟ್ಟಿಯಾಗುವುದು, ದಿನ ಕಳೆದಂತೆ ಅಂಟಾಗುವುದು ಅದರ ದೋಷ. ಕೊನೆಗೆ ನೆಲದಿಂದ ತೆಗೆದ ಖನಿಜತೈಲವೇ ಅದರ ಸ್ಥಾನವನ್ನು ಆಕ್ರಮಿಸಿತು.

ಹಾಗಾದರೆ ಋತುವಿನ ಮಾತು ಎಲ್ಲಿಂದ ಬಂತು? ಹಿಮ ಬೀಳುವ ದೇಶಗಳಿಂದ. ಎಣ್ಣೆ ಎಷ್ಟು ದಪ್ಪ, ಎಷ್ಟು ತೆಳು ಎಂಬ ಗುಣಕ್ಕೆ ಸ್ನಿಗ್ಧತೆ ಎನ್ನುತ್ತೇವೆ. ಇದನ್ನು ಅಂಕಗಳಿಂದ ಗುರುತಿಸುವ ಕ್ರಮವನ್ನು ಅಮೆರಿಕದ ಎಸ್.ಎ.ಇ. ಎಂಬ ಯಂತ್ರಶಿಲ್ಪಿಗಳ ಸಂಘವು ೧೯೧೧ರಲ್ಲಿ ತೊಡಗಿತು. ಅಂದಿನ ಎಣ್ಣೆ ಹಿಮದಲ್ಲಿ ಬೆಲ್ಲದ ಪಾಕದಂತಾಗಿ ಇಂಜಿನ್ನು ಹೊರಳಲೊಲ್ಲದು. ಬೇಸಿಗೆಯಲ್ಲಿ ತೆಳುವಾಗಿ ಲೋಹಕ್ಕೆ ಲೋಹ ತಾಗುವುದು. ಆದುದರಿಂದ ಚಳಿಗೆ ತೆಳುವು, ಬೇಸಿಗೆಗೆ ದಪ್ಪನೆಯದು ಎಂದು ವರ್ಷಕ್ಕೆರಡು ಸಲ ಬದಲಿಸಲೇಬೇಕಾಗಿತ್ತು. ೧೯೫೦ರ ದಶಕದಲ್ಲಿ ಎರಡು ಗುಣವೂ ಕೂಡಿದ ಎಣ್ಣೆ ಪ್ರಚಾರಕ್ಕೆ ಬಂದಿತು. ಇಂದು ಡಬ್ಬಿಯ ಮೇಲೆ ‘೧೦ ಡಬ್ಲ್ಯೂ ೪೦’ ಎಂದು ಕಾಣುತ್ತದಲ್ಲ, ಅದರಲ್ಲಿಯ ಡಬ್ಲ್ಯೂ ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಹಿಂದಿನ ಅಂಕ ಚಳಿಯ ನಡತೆಯನ್ನೂ, ಮುಂದಿನದು ಕಾವಿನ ನಡತೆಯನ್ನೂ ಹೇಳುತ್ತದೆ. ಒಂದೇ ಎಣ್ಣೆ ಎಲ್ಲ ಋತುಗಳಿಗೂ ಸಲ್ಲುವುದರಿಂದ ಋತುವಿನ ಹಳೆಯ ನಿಯಮ ಪರದೇಶದಲ್ಲಿಯೇ ಸಡಿಲವಾಯಿತು.

ನರಗುಂದದಲ್ಲಂತೂ ಅದು ಎಂದಿಗೂ ಹೊಂದಿದ ನಿಯಮವಲ್ಲ. ಇಲ್ಲಿ ಪುಷ್ಯದ ಬೆಳಗೂ ಹಿಮದ ಹತ್ತಿರ ಸುಳಿಯದು. ಇಲ್ಲಿ ಎಣ್ಣೆಯನ್ನು ಕೆಡಿಸುವುದು ಚಳಿಯಲ್ಲ, ಹುಡಿ. ಸುಗ್ಗಿಯಿಂದ ವೈಶಾಖದವರೆಗೆ ಹೊಲದ ದಾರಿಯಲ್ಲಿ ಓಡಿದ ವಾಹನದ ಗಾಳಿಸೋಸುಕದಲ್ಲಿ ಮಣ್ಣು ತುಂಬುತ್ತದೆ. ಸೋಸುಕ ಹಾಳಾದರೆ ಹುಡಿ ಒಳಹೊಕ್ಕು ಎಣ್ಣೆಯಲ್ಲಿ ಬೆರೆತು ಸಾಣೆಯಂತೆ ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಅರ್ಧ ಮೈಲಿ ಓಡಿಸಿ ನಿಲ್ಲಿಸಿದರೆ, ಇಂಜಿನ್ನು ಕಾಯದೆ ಒಳಗಿನ ತೇವ ಆರದೆ ಎಣ್ಣೆಯಲ್ಲೇ ಉಳಿಯುತ್ತದೆ. ಆದಕಾರಣ ವಾಚಕರು ಮೊದಲು ನೋಡಬೇಕಾದುದು ವಾಹನದ ಕೈಪಿಡಿ ಹೇಳಿದ ಕಿಲೊಮೀಟರು ಮತ್ತು ತಿಂಗಳು. ಎರಡರಲ್ಲಿ ಯಾವುದು ಮೊದಲು ತುಂಬಿದರೆ ಅದೇ ಮುಹೂರ್ತ. ಹುಡಿಯ ದಾರಿಯಲ್ಲಿ ಓಡುವ ಗಾಡಿಗೆ ಕೈಪಿಡಿಗಳೇ ಇನ್ನೂ ಕಡಿಮೆ ಅವಧಿಯನ್ನು ವಿಧಿಸುತ್ತವೆ. ಟ್ರಾಕ್ಟರಿಗೆ ದೂರದ ಲೆಕ್ಕವಿಲ್ಲ, ದುಡಿದ ಗಂಟೆಗಳ ಲೆಕ್ಕ. ವರ್ಷಕ್ಕೊಮ್ಮೆ ಮಾತ್ರ ಬದಲಿಸುವವರು ಕಾಲವೊಂದನ್ನು ಆರಿಸಲೇಬೇಕೆಂದರೆ, ಹುಡಿಯ ದಿನಗಳು ಮುಗಿದು ರೋಹಿಣಿ ಮಳೆ ಹಿಡಿಯುವ ಮುನ್ನ ಬದಲಿಸುವುದು ಈ ನೆಲಕ್ಕೆ ಒಪ್ಪುತ್ತದೆ. ಎಣ್ಣೆಯ ಸೋಸುಕವನ್ನೂ ಆಗಲೇ ಬದಲಿಸಬೇಕು.

ಕೊನೆಯದಾಗಿ ಒಂದು ಮಾತು. ಚಕ್ಕಡಿಯ ಅಚ್ಚಿನಿಂದ ತೊಟ್ಟಿಕ್ಕಿದ ಔಡಲೆಣ್ಣೆ ಮಣ್ಣಿನಲ್ಲಿ ಮಣ್ಣಾಗಿ ಹೋಗುತ್ತಿತ್ತು. ಇಂಜಿನ್ನಿನಿಂದ ಇಳಿಸಿದ ಕರಿಯ ಎಣ್ಣೆ ಹಾಗಲ್ಲ; ಲೋಹದ ಕಣಗಳನ್ನೂ ಸುಟ್ಟ ವಿಷಗಳನ್ನೂ ಹೊತ್ತಿರುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಈ ಬಯಲಿಗೆ ಕಾಲುವೆಯಲ್ಲಿ ಬರುತ್ತದೆ; ಆ ನೀರಿನ ಕರದ ಸಲುವಾಗಿಯೇ ೧೯೮೦ರಲ್ಲಿ ನರಗುಂದದ ರೈತರು ಬೀದಿಗಿಳಿದರು, ಪ್ರಾಣಗಳೂ ಹೋದವು. ಅಷ್ಟು ಬೆಲೆ ತೆತ್ತ ನೀರಿನ ದಂಡೆಯಲ್ಲಿ ಹಳೆಯ ಎಣ್ಣೆ ಸುರಿಯುವುದು ಯಾವ ಋತುವಿನಲ್ಲೂ ಸಲ್ಲದು. ಡಬ್ಬಿಯಲ್ಲಿ ತುಂಬಿ, ಶುದ್ಧೀಕರಣಕ್ಕೆ ಕೊಳ್ಳುವವರಿಗೆ ತಲುಪಿಸುವ ಗ್ಯಾರೇಜಿಗೆ ಒಪ್ಪಿಸಿರಿ. ಬದಲಿಸಿದ ತಾರೀಖನ್ನೂ ಆಗ ಗಾಡಿ ಓಡಿದ್ದ ಕಿಲೊಮೀಟರನ್ನೂ ಒಂದು ವಹಿಯಲ್ಲಿ ಬರೆದಿಡಿರಿ. ಮುಂದಿನ ಸಲ ಎಂದು ಬದಲಿಸಬೇಕೆಂಬುದನ್ನು ಆ ವಹಿಯೇ ಹೇಳುತ್ತದೆ.